ಹಾಲಿನತ್ತೆ ಕೊಟ್ಟ ಕಡಸು

ಅವರ ಎರಡೂ ಹೆಬ್ಬೆರಳುಗಳು ಒಳಕ್ಕೆ ಬಾಗಿದ್ದವು. ಹಾಲು ಕರೆಯುವಾಗ ಹೆಬ್ಬೆರಳು ಮಡಿಸಿ, ಅದರ ಗೆಣ್ಣಿಗೆ ಹಸುವಿನ ಮೊಲೆತೊಟ್ಟನ್ನು ಒತ್ತಿ ಹಿಂಡುವುದು ಅವರ ರೂಢಿ. ಆಯುಷ್ಯವೆಲ್ಲ ಹಾಗೆ ಹಿಂಡಿ ಹಿಂಡಿ ಗೆಣ್ಣಿನ ಮೇಲೆ ಜಡ್ಡುಗಟ್ಟಿತ್ತು, ಬೆರಳುಗಳಿಗೆ ನೆಟ್ಟಗಾಗುವುದೇ ಮರೆತುಹೋಗಿತ್ತು. ಭಾನುವಾರ ಆರಾಧನೆ ಮುಗಿದು ಚರ್ಚಿನ ಬಾಗಿಲಲ್ಲಿ ಎಲ್ಲರೂ ಕೈಕುಲುಕುವಾಗ, "ಸ್ತೋತ್ರ ಕಣಪ್ಪ" ಎಂದು ಅವರು ಕೈ ಕೊಟ್ಟರೆ ಆ ಗೆಣ್ಣು ಬೆಣಚುಕಲ್ಲಿನಂತೆ ಅಂಗೈಗೆ ಒತ್ತುತ್ತಿತ್ತು. ಜೊತೆಗೆ ಕರೆಯುವಾಗ ಬೆರಳಿಗೆ ಸವರಿಕೊಳ್ಳುವ ಹರಳೆಣ್ಣೆಯ ವಾಸನೆ.

ಹುಣಸೂರಿನಲ್ಲಿ ನಮ್ಮ ಚರ್ಚಿನ ಹಿಂದಿನ ಓಣಿಯಲ್ಲಿ ಅವರ ಮನೆ. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಮನೆಗೆ ಒತ್ತಿಕೊಂಡಂತೆ ಒಂದು ಕೊಟ್ಟಿಗೆ, ಅದರಲ್ಲಿ ಒಂದು ಸೀಮೆಹಸು. ಆ ಹಸುವಿನ ಹಾಲೇ ಅವರ ಊಟ, ಬಟ್ಟೆ, ಔಷಧಿ ಎಲ್ಲ. ಇಡೀ ಓಣಿಗೆ ಅವರು ಹಾಲಿನತ್ತೆ. ನನಗೂ ಅಷ್ಟೆ.

ನಾನು ರಾವಂದೂರಿನ ಪಕ್ಕದ ಹಳ್ಳಿಯಿಂದ ಬಂದವನು. ಈಗ ಶುಂಠಿ ವ್ಯಾಪಾರದಲ್ಲಿ ನಾಲ್ಕು ಜನ ನನ್ನ ಮಾತಿಗೆ ಬೆಲೆ ಕೊಡುತ್ತಾರೆ. ಕೇರಳದ ಪಾರ್ಟಿಗಳು ನನ್ನ ಜೊತೆ ಚೌಕಾಸಿಗೆ ಕೂರುವ ಮೊದಲು ಹೊಟ್ಟೆತುಂಬ ಉಂಡು ಬರುತ್ತಾರಂತೆ, ಎಷ್ಟು ಹೊತ್ತಾಗುತ್ತದೋ ಎಂದು. ಆದರೆ ಹುಣಸೂರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಹೆಗಲು ಮಾತ್ರ. ಮೂಟೆ ಹೊರುತ್ತಿದ್ದೆ, ಅದೇ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಒಂದು ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತು ಹಾಲಿನ ಲೋಟ ಚಾಚಿದರು.

"ತಗೋ, ಕುಡಿ."

"ಬೇಡತ್ತೆ, ನನಗೆ ಟೀ ಸಾಕು."

"ಮೂಟೆ ಹೊರೋ ಮೈಗೆ ಬರೀ ಟೀ ಆಯ್ತದೇನ್ಲಾ? ಕುಡ್ದು ಲೋಟ ತೊಳ್ದಿಡು. ನನ್ ಕೈಲಿ ತೊಳೆಸ್ಬೇಡ."

ಹೆಗಲ ಮೇಲಿಂದ ಮೂಟೆ ಇಳಿಸಿ, ತಕ್ಕಡಿಯ ಈಚೆ ಕೂರುವವರೆಗೂ ನನಗೆ ಆ ಲೋಟ ತಪ್ಪಲಿಲ್ಲ. ಅದು ಯಾವ ಹಾಲು ಎಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಕರೆದದ್ದರಲ್ಲಿ ಮೊದಲ ಪಾವನ್ನು ಅವರು ಮಾರುತ್ತಿರಲಿಲ್ಲ. "ಇದು ದೇವ್ರುದು" ಎಂದು ತೆಗೆದಿಡುತ್ತಿದ್ದರು. ಓಣಿಯಲ್ಲಿ ಬಾಣಂತಿ ಇದ್ದರೆ ಅವಳಿಗೆ, ಕಾಯಿಲೆಯವರಿದ್ದರೆ ಅವರಿಗೆ, ಇಬ್ಬರೂ ಇಲ್ಲದಿದ್ದರೆ ನನ್ನಂಥವನಿಗೆ. ಅನ್ನಕ್ಕಿಡುವಾಗಲೂ ಹಾಗೆಯೇ. ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕಿ, ಭಾನುವಾರ ಸೆರಗಿನಲ್ಲಿ ಕಟ್ಟಿ ಚರ್ಚಿಗೆ ತರುತ್ತಿದ್ದರು. ಹಿಡಿ ಅಕ್ಕಿ ಕಾಣಿಕೆ ನಮ್ಮಲ್ಲಿ ಹಳೆಯ ಪದ್ಧತಿ. ಬಹಳ ಮನೆಗಳಲ್ಲಿ ಈಗ ನಿಂತುಹೋಗಿದೆ.

ನಾನು ಸುಮ್ಮನಿರುವ ಜಾಯಮಾನದವನಲ್ಲ. ಯಾರ ಸಂಸಾರ ಕಂಡರೂ ಸಲಹೆ ಕೊಡಬೇಕು ಅನ್ನಿಸುತ್ತದೆ. "ಅತ್ತೆ, ಮೊದಲು ನೀವು ಉಣ್ಣಿ, ಉಳಿದರೆ ಕೊಡಿ. ಲೆಕ್ಕ ಅಂದರೆ ಹಾಗೆ" ಎಂದೆ.

"ಉಳ್ದಿದ್ದ ಮೂಲೆಮನೆ ನಾಯಿಗೂ ಹಾಕ್ತೀನಿ ಕಣ್ಲಾ. ದೇವ್ರಿಗೂ ಅದ್ನೇ ಹಾಕು ಅಂತೀಯಾ?"

ಇನ್ನು ಚೌಕಾಸಿಯೆಂದರೆ ಅವರಿಗೆ ಮೈಗೆ ಒಗ್ಗದ ಸಂಗತಿ. ಹಿಂಡಿ ಅಂಗಡಿಯವನು ಹೇಳಿದ್ದೇ ಬೆಲೆ. ಜೊತೆಯಲ್ಲಿ ಹೋಗಿ ನಾನು ಬೆಲೆ ಮುರಿಸಿದರೆ, "ಪಾಪ ಬುಡೋ, ಅವ್ನಿಗೂ ಎಂಡ್ತಿ ಮಕ್ಳವ್ರೆ" ಎಂದು ನನ್ನ ತೋಳು ಹಿಡಿದು ಎಳೆಯುತ್ತಿದ್ದರು. ಹಾಗೆಂದು ಪೆದ್ದರಲ್ಲ. ಅವರ ಹಾಲಿಗೆ ನೀರು ಬೆರೆತಿದೆ ಎಂದು ಒಬ್ಬಾಕೆ ರಾಗ ಎಳೆದಾಗ, "ಹೌದು ಕಣವ್ವ, ನಮ್ಮ ಹಸ ನೀರು ಕುಡಿತದೆ. ನಿಮ್ಮದು ಏನ್ ಕುಡಿತದೆ?" ಎಂದು ಕೇಳಿ ಅವಳ ಬಾಯಿ ಮುಚ್ಚಿಸಿದ್ದರು.

ಆ ಹಸುವಿಗೆ ವಯಸ್ಸಾಗಿತ್ತು. ಕೊನೆಗೊಮ್ಮೆ ಈದು ಹೆಣ್ಣು ಕರು ಹಾಕಿತು. ಕಪ್ಪು ಮೈ, ಹಣೆಯ ಮೇಲೆ ಬಿಳಿ ಮಚ್ಚೆ. ಇನ್ನು ಆ ತಾಯಿ ಗಬ್ಬ ನಿಲ್ಲುವುದಿಲ್ಲ ಎಂದು ಪಶುವೈದ್ಯರು ಹೇಳಿದ್ದರು. ಅಂದಮೇಲೆ ಅತ್ತೆಯ ಮುಂದಿನ ಬಾಳು ಆ ಕರುವಿನ ಮೇಲೆಯೇ ನಿಂತಿತ್ತು. ಅದು ಬೆಳೆದು ಕಡಸಾಯಿತು, ನೋಡಿದವರ ಕಣ್ಣು ನಿಲ್ಲುವ ಹಾಗೆ. ನಾನೇ ದಿನಾ ಕಣ್ಣಲ್ಲಿ ಅಳೆದು, "ಅತ್ತೆ, ಇದು ನಿಮ್ಮ ಪೆನ್ಷನ್ನು" ಎನ್ನುತ್ತಿದ್ದೆ.

ಆಗ ನಮ್ಮ ಚರ್ಚಿನ ಹೆಂಗಸರೆಲ್ಲ ಎಚ್.ಡಿ. ಕೋಟೆಯ ಕಾಡಂಚಿನ ಒಂದು ಹಾಡಿಗೆ, ಅಂದರೆ ಆದಿವಾಸಿಗಳ ಕೇರಿಗೆ, ಪ್ರಾರ್ಥನೆಗೆ ಹೋಗಿ ಬಂದರು. ಅಲ್ಲಿ ಕೆಲವೇ ಮನೆಗಳ ಒಂದು ಸಣ್ಣ ಸಭೆ. ಆರಾಧನೆ ನಡೆಯುವುದು ಬಿದಿರು ನೆಟ್ಟು ಮೇಲೆ ಟಾರ್ಪಾಲು ಎಳೆದ ಚಪ್ಪರದಲ್ಲಿ. ಪ್ರಾರ್ಥನೆಯ ನಡುವೆ ಮಳೆ ಬಂದು, ಟಾರ್ಪಾಲು ಜೋತು, ಹಸುಗೂಸನ್ನು ಎತ್ತಿಕೊಂಡಿದ್ದ ಒಬ್ಬಳ ತಲೆಯ ಮೇಲೆ ನೀರು ಸುರಿಯಿತಂತೆ. ಅವಳು ಏಳಲಿಲ್ಲವಂತೆ, ಕೂಸನ್ನು ಸೆರಗಿನೊಳಗೆ ಎಳೆದುಕೊಂಡು 'ಆಮೆನ್' ಹೇಳಿದಳಂತೆ. ಹಿಂದಿರುಗಿದ ಅತ್ತೆ ಎರಡು ದಿನ ಕಡಸಿನ ಮೈ ಉಜ್ಜುತ್ತಲೇ ಇದ್ದರು. ಆಮೇಲೆ ನನ್ನನ್ನು ಕರೆದರು.

"ಬೆಳೆ ಹಬ್ಬದಲ್ಲಿ ಹರಾಜು ಕೂಗೋನು ನೀನೇ ತಾನೇ? ಈ ಸಲ ಕಡಸ ತರ್ತೀನಿ. ಬಂದಿದ್ದು ಆ ಹಾಡಿಯೋರ ಸೂರಿಗೆ."

ನಾನು ಲೆಕ್ಕಕ್ಕಿಳಿದೆ. "ಹರಕೆ ಹೊತ್ತಿದ್ರಾ? ಏನು ಬೇಡಿಕೊಂಡ್ರಿ?"

"ಏನೂ ಬೇಡ್ಕಂಡಿಲ್ಲ."

"ಏನೂ ಬೇಡದೆ ಯಾರಾದರೂ ಕೊಡ್ತಾರಾ ಅತ್ತೆ? ಒಂದು ತಿಂಗಳ ಹಾಲು ಕೊಡಿ. ಇಲ್ಲ, ಕೊಡಲೇಬೇಕು ಅಂದರೆ ಆ ಮುದಿ ಹಸು ಕೊಡಿ."

ಅತ್ತೆ ಬಿದ್ದು ಬಿದ್ದು ನಕ್ಕರು. "ಮುದ್ಕೀನ ಕೊಟ್ರೆ ಯಾರ್ಲಾ ತಗತಾರೆ? ಅಂಗಾದ್ರೆ ನಾನೇ ಓಗಿ ಹಗ್ಗ ಕಟ್ಕಂಡು ನಿತ್ಕಬೈದಲ್ಲ." ನಗು ನಿಂತ ಮೇಲೆ ಮೆಲ್ಲಗೆ ಹೇಳಿದರು, "ನನ್ನ ಸ್ವಾಮಿ ತನ್ನ ಪ್ರಾಣದಲ್ಲಿ ಚೂರು ಉಳಿಸ್ಕಂಡು ಮಿಕ್ಕಿದ್ದ ಕೊಡ್ಲಿಲ್ಲ ಕಣಪ್ಪ."

ಹರಾಜಿನ ಪಟ್ಟಿಯಲ್ಲಿ ಕಡಸನ್ನು ಬರೆದುಕೊಂಡೆ. ನಾನು ಸೋತ ವ್ಯವಹಾರಗಳು ಬಹಳ ಕಡಿಮೆ.

ಬೆಳೆ ಹಬ್ಬ ಕಾಣದವರಿಗೆ ಹೇಳುತ್ತೇನೆ. ವರ್ಷಕ್ಕೊಮ್ಮೆ ಸಭೆಯವರು ತಮ್ಮ ಬೆಳೆಯ ಪ್ರಥಮ ಫಲವನ್ನು ದೇವರ ಸನ್ನಿಧಿಗೆ ತರುತ್ತಾರೆ. ಭತ್ತ, ರಾಗಿ, ಕುಂಬಳಕಾಯಿ, ಬಾಳೆಗೊನೆ, ಕೋಳಿ, ಹೊಲ ಇಲ್ಲದವರು ಮನೆಯಲ್ಲಿ ಕರಿದ ಚಕ್ಕುಲಿ. ಆರಾಧನೆ ಆದಮೇಲೆ ಅಂಗಳದಲ್ಲಿ ಎಲ್ಲವನ್ನೂ ಹರಾಜು ಹಾಕುತ್ತೇವೆ. ತಮಾಷೆಯೋ ತಮಾಷೆ, ಸೋದರಮಾವ ತಂದ ನಿಂಬೆಹಣ್ಣನ್ನು ಅಳಿಯ ಜಿದ್ದಿಗೆ ಬಿದ್ದು ಕುಂಬಳಕಾಯಿಯ ಬೆಲೆಗೆ ಕೊಳ್ಳುತ್ತಾನೆ. ಆದರೆ ನಮ್ಮಲ್ಲಿ ಒಂದು ಒಳರೂಢಿ ಇದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಡವರು ತಮ್ಮ ಶಕ್ತಿ ಮೀರಿದ್ದನ್ನು ತಂದರೆ ಉಳಿದವರು ಕೂಗದೆ ಸುಮ್ಮನಿರುತ್ತಾರೆ. ತಂದವರೇ ಏನೋ ಒಂದು ಚಿಕ್ಕ ಮೊತ್ತ ಹೇಳಿ ಬಿಡಿಸಿಕೊಂಡು ಮನೆಗೆ ಒಯ್ಯಲಿ ಎಂದು. ಕಾಣಿಕೆ ಸಂದಂತೆಯೂ ಆಯಿತು, ಸಂಸಾರ ಉಳಿದಂತೆಯೂ ಆಯಿತು. ಒಳ್ಳೆಯ ಮನಸ್ಸಿನ ರೂಢಿಯೇ.

ಅತ್ತೆ ಕಡಸಿನ ಮೈ ತೊಳೆದು, ಕೊಂಬಿನ ಬುಡಕ್ಕೆ ಸೇವಂತಿಗೆ ಕಟ್ಟಿ ಹಿಡಿದುಕೊಂಡು ಬಂದರು. ನಾನು ಕೂಗಿದೆ, "ಕಡಸು! ಹಾಲಿನತ್ತೆ ಮನೆ ಕಡಸು! ಯಾರು ಕೇಳ್ತೀರಿ?"

ಅಂಗಳ ಮೌನವಾಯಿತು. ಗಂಡಸರು ಮರದ ಕಡೆ ನೋಡಿದರು, ಹೆಂಗಸರು ಮಕ್ಕಳ ಮೂಗು ಒರೆಸಿದರು. ಎಲ್ಲರಿಗೂ ಆ ಓಣಿಯ ಹಾಲು ಕುಡಿದ ಋಣ. ಅವರ ಅನ್ನಕ್ಕೆ ಯಾರು ಕೈ ಹಾಕುತ್ತಾರೆ? ನಾನು ಇನ್ನೊಮ್ಮೆ ಕೂಗಿದೆ. ಕಡಸು ಬಾಲ ಬೀಸಿತು, ಅಷ್ಟೆ.

ಅತ್ತೆಯ ಮುಖ ಸಣ್ಣದಾಯಿತು. ಕಡಸಿನ ಕಾಲುಗಳನ್ನು ಒಮ್ಮೆ ಬಗ್ಗಿ ನೋಡಿ, ಜನರ ಕಡೆ ತಿರುಗಿದರು. "ಯಾಕ್ರೋ? ನನ್ನ ಕಡಸು ಕುಂಟಾ? ಕುರುಡಾ?"

ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ಹತ್ತಿರ ಬಂದು, "ಅತ್ತೆ, ನಿಮ್ಮ ಮನಸ್ಸನ್ನ ದೇವರು ನೋಡಿದ್ದಾರೆ. ನೀವೇ ಒಂದು ಮಾತು ಹೇಳಿ ಹಿಡಕೊಂಡು ಹೋಗಿ" ಎಂದರು.

"ನಾನೇ ಕೊಟ್ಟು ನಾನೇ ಕಿತ್ಕಂಡೋಗಾದಾ ಅಯ್ಯನೋರೇ? ಅಂಗಾದ್ರೆ ನಾನು ಇವತ್ತು ಕೊಟ್ಟಿದ್ದು ಏನ?" ಗಂಡನನ್ನು ಮಣ್ಣು ಮಾಡಿದ ದಿನವೂ ಜನರ ಎದುರು ಅಳದವರು ಎಂದು ಅವರ ಬಗ್ಗೆ ಕೇಳಿದ್ದೆ. ಅವತ್ತು ಕಣ್ಣಲ್ಲಿ ನೀರು ನಿಂತಿತ್ತು. ನನ್ನ ಕಡೆ ನೋಡಿದರು. "ನೀನಾರೂ ಸರ್ಯಾಗಿ ಕೂಗ್ಲಾ. ನನ್ನ ಮೋರೆ ನೋಡ್ಬೇಡ."

ನಾನು ಮಾರುಕಟ್ಟೆಯಲ್ಲಿ ಬೆಳೆದವನು. ಕೊಳ್ಳುವವನಿಲ್ಲದ ಸರಕಿನ ಮುಂದೆ ಕುಳಿತವನ ಮುಖ ನನಗೆ ಗೊತ್ತು. ಎಲ್ಲರ ಕರುಣೆ ಸೇರಿ ಅತ್ತೆಯ ಕಾಣಿಕೆಯನ್ನು ಕವಡೆಗೂ ಬಾರದಂತೆ ಮಾಡುತ್ತಿತ್ತು. ಗೇಟಿನ ಹೊರಗೆ ಸಾಲಿಗ್ರಾಮದ ಕಡೆಯ ರೈತರೊಬ್ಬರು ಬೈಕಿನ ಮೇಲೆ ಕುಳಿತಿದ್ದರು. ಹಣೆಯ ಮೇಲೆ ವಿಭೂತಿ. ನನ್ನಲ್ಲಿ ಬಿತ್ತನೆ ಶುಂಠಿ ಮಾತಾಡಲು ಬಂದು, ಹರಾಜು ಮುಗಿಯಲಿ ಎಂದು ಕಾಯುತ್ತಿದ್ದರು. ಆದರೆ ಅವರ ಕಣ್ಣೆಲ್ಲ ಕಡಸಿನ ಮೇಲೆ.

"ಯಜಮಾನ್ರೇ, ಒಳಗೆ ಬನ್ನಿ! ಹಸು ಕಟ್ಟೋರು ನೀವು. ಇದು ಎಷ್ಟು ಬಾಳುತ್ತೆ ಹೇಳಿ."

ಅವರು ಚಪ್ಪಲಿ ಬಿಟ್ಟು, ಅಳುಕುತ್ತ ಬಂದರು. "ನಾನು ಕೂಗ್ಬೈದಾ? ನಿಮ್ಮ ದೇವ್ರಿಗೆ ಆಯ್ತದಾ?"

"ನಿಮ್ಮೂರ ಗದ್ದೆಗೆ ಮಳೆ ಕೊಡೋನೂ ಅವ್ನೇ ಕಣಪ್ಪ. ಕೂಗು" ಎಂದರು ಅತ್ತೆ.

ಯಜಮಾನರು ಕಡಸಿನ ಹಲ್ಲು ನೋಡಿ, ಬೆನ್ನು ಸವರಿ, ನ್ಯಾಯವಾದ ಬೆಲೆಯನ್ನೇ ಕೂಗಿದರು. ಅಲ್ಲಿಂದ ಮುಂದೆ ನನ್ನ ಕೆಲಸ. "ಏನ್ರಪ್ಪಾ, ಹುಣಸೂರಿನಲ್ಲಿ ಹಸು ಕಟ್ಟೋ ಗಂಡಸರು ಮುಗಿದುಹೋದ್ರಾ? ಕಾವೇರಿ ದಡದಿಂದ ಬಂದು ಹೊಡಕೊಂಡು ಹೋಗ್ತಾವ್ರೆ!" ಹಿಂದಿನಿಂದ ಒಬ್ಬ ಏರಿಸಿದ. ಯಜಮಾನರು ಅದರ ಮೇಲೆ ಏರಿಸಿದರು. ಮೂರನೆಯವನು ಹೆಂಡತಿಯ ಮುಖ ನೋಡದೆ ಬಾಯಿ ಹಾಕಿ ಬೈಸಿಕೊಂಡ. ಬೆಲೆ ಪೇಟೆಯ ಧಾರಣೆಯನ್ನು ದಾಟಿಯೇ ನಿಂತಿತು. ಕಡಸು ಯಜಮಾನರಿಗಾಯಿತು.

ಅತ್ತೆ ಹಗ್ಗವನ್ನು ಅವರ ಕೈಗಿಟ್ಟರು. "ಎಡಗಡೆಯಿಂದ ಓಗ್ಬೇಡ ಕಣಪ್ಪ, ಬೆದರ್ತದೆ. ಗುಡುಗು ಬಂದ್ರೆ ಹತ್ರ ನಿಂತು ಮಾತಾಡ್ಸು. ಏನಾರೂ ಮಾತಾಡು, ಅದ್ಕೆ ಕೇಳ್ಬೇಕು ಅಷ್ಟೇಯ." ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೆಂಗಸರ ಜೊತೆ ಸಾರು ಬಡಿಸಲು ಹೋದರು. ಆ ದಿನ ಅವರ ನಗುವೇ ನಗು. ಮೈನೆರೆದು ಆರತಿಗೆ ಕೂತ ಹುಡುಗಿಯಂತಿದ್ದರು.

ಹಾಡಿಯ ಸಭೆಗೆ ತಗಡಿನ ಸೂರು ಬಂತು. ಪ್ರತಿಷ್ಠೆಯ ಆರಾಧನೆಗೆ ಅತ್ತೆಯನ್ನು ನನ್ನ ಗಾಡಿಯಲ್ಲೇ ಕರೆದುಕೊಂಡು ಹೋದೆ. ಜೋರು ಮಳೆ. ತಗಡಿನ ಸದ್ದಿಗೆ ಅಯ್ಯನವರ ಪ್ರಸಂಗದ ಒಂದು ಮಾತೂ ಕೇಳಿಸಲಿಲ್ಲ. ಅತ್ತೆ ಮೇಲೆ ನೋಡುತ್ತ, "ಎಷ್ಟು ಚೆಂದಾಗ್ ಬಡಿತದಲ್ಲ" ಎಂದರು.

ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು, ದೇವರು ಅವರಿಗೆ ಎರಡರಷ್ಟು ಕೊಟ್ಟ ಎಂದು ಬರೆದರೆ ಓದುವವರಿಗೆ ಹಿತ. ಆದರೆ ಹಾಗಾಗಲಿಲ್ಲ. ಹಸು ಬತ್ತಿತು. ಓಣಿಯಲ್ಲಿ ಹಾಲಿನತ್ತೆ ಎಂಬ ಹೆಸರು ಉಳಿಯಿತು, ಹಾಲು ಉಳಿಯಲಿಲ್ಲ. ಅವರು ನನ್ನ ಗೋದಾಮಿಗೆ ಬಂದು, ಬೇಡವೆಂದರೂ ಕೇಳದೆ, ಹೆಂಗಸರ ಜೊತೆ ಶುಂಠಿಯ ಮಣ್ಣು ಬಿಡಿಸುತ್ತ ಕೂತರು. ಕುಡಿಯುತ್ತಿದ್ದದ್ದು ಬರೀ ಕರಿಕಾಫಿ. ನನಗೆ ತಡೆಯಲಾಗಲಿಲ್ಲ. "ಅತ್ತೆ, ಅಷ್ಟು ಕೊಟ್ರಲ್ಲ, ದೇವರು ತಿರುಗಿ ಏನು ಕೊಟ್ಟ?"

"ಬಡ್ಡಿಗೆ ಕೊಟ್ಟಿದ್ನೇನ್ಲಾ?" ಎಂದರು, ಶುಂಠಿಯಿಂದ ಕಣ್ಣೆತ್ತದೆ.

ಆ ಕಡಸು ಸಾಲಿಗ್ರಾಮದಲ್ಲಿ ಈದಾಗ ಯಜಮಾನರು ಗಿಣ್ಣು ಕಾಸಿ, ಬೆಲ್ಲ ಏಲಕ್ಕಿ ಹಾಕಿ, ಡಬ್ಬಿಯಲ್ಲಿ ತಂದರು. "ನಿಮ್ಮ ಕಡಸಿನ ಗಿಣ್ಣು ಕಣಕ್ಕಾ."

"ನಂದೆಲ್ಲಪ್ಪ? ದೇವ್ರುದು ಆಯ್ತು, ಈಗ ನಿಂದು. ಗಿಣ್ಣು ಮಾತ್ರ ಇತ್ಲಾಗ್ ಕೊಡು" ಎಂದು ಡಬ್ಬಿ ಕಿತ್ತುಕೊಂಡರು. ಗೋದಾಮಿನ ಹೆಂಗಸರಿಗೆಲ್ಲ ಹಂಚಿ, ತಳದಲ್ಲಿದ್ದದ್ದನ್ನು ಬಾಗಿದ ಹೆಬ್ಬೆರಳಿನಲ್ಲಿ ಬಳಿದು ತಿಂದರು. ಅಷ್ಟು ತೃಪ್ತಿಯಾಗಿ ತಿಂದವರನ್ನು ನಾನು ದೊಡ್ಡ ದೊಡ್ಡ ಮದುವೆಗಳಲ್ಲೂ ಕಂಡಿಲ್ಲ.

ಕಳೆದ ವರ್ಷ ತೀರಿಕೊಂಡರು. ಮಲಗಿದ್ದು ಕೆಲವೇ ದಿನ. ಸಮಾಧಿಗೆ ಹಾಡಿಯಿಂದ ಒಂದು ಜೀಪು ತುಂಬ ಜನ ಬಂದಿದ್ದರು. ಅಂದು ಮಳೆಯಲ್ಲಿ ಸೆರಗಿನೊಳಗಿದ್ದ ಆ ಕೂಸು ಈಗ ಲಂಗ ತೊಟ್ಟ ಹುಡುಗಿ, ತಾಯಿಯ ಪಕ್ಕ ನಿಂತು ಹಾಡಿತು.

ಶುಂಠಿಯಿಂದ ನನಗೆ ಏನೇನು ಬಂತೋ ಅದಕ್ಕೆಲ್ಲ ನನ್ನ ಬಾಯಿ ಕಾರಣ ಎಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಯಾವ ಲಾಭವನ್ನೂ ಎದುರು ನೋಡದೆ ಚಾಚಿದ ಆ ಲೋಟ ಇಲ್ಲದಿದ್ದರೆ ಈ ಬಾಯಿ ಮೂಟೆಯ ಕೆಳಗೇ ಮುಚ್ಚಿಹೋಗುತ್ತಿತ್ತು. ನನ್ನ ಹತ್ತಿರ ಸಲಹೆ ಕೇಳಲು ಬರುವ ಹೊಸ ಹುಡುಗರಿಗೆ ನಾನು ಹೇಳುವುದು ಇಷ್ಟು: ಕೊಡುವುದನ್ನು ಬೆಳಿಗ್ಗೆಯೇ ತೆಗೆದಿಡಿ. ಸಂಜೆಯವರೆಗೆ ಬಿಟ್ಟರೆ ಕೊಡದಿರಲು ಒಂದು ಕಾರಣ ಹುಟ್ಟಿಕೊಳ್ಳುತ್ತದೆ.

ಅವರಿಲ್ಲದ ಮೊದಲ ಬೆಳೆ ಹಬ್ಬದಲ್ಲಿ ಕೂಲಿ ಮಾಡುವ ಒಬ್ಬ ವಿಧವೆ ಮೊಟ್ಟೆಯಿಡುವ ನಾಟಿ ಕೋಳಿ ತಂದಳು. ಮನೆಯಲ್ಲಿದ್ದದ್ದು ಅದೊಂದೇ ಎಂದು ಎಲ್ಲರಿಗೂ ಗೊತ್ತು. ಅಂಗಳ ಮತ್ತೆ ಮೌನವಾಗತೊಡಗಿತು. ನಾನು ಹರಾಜು ಕೂಗುವ ಜಾಗ ಬಿಟ್ಟು ಇಳಿದು, ಜನರ ನಡುವೆ ನಿಂತು, ಪೂರ್ತಿ ಬೆಲೆ ಕೂಗಿದೆ. ನನ್ನ ಮೇಲೆ ಇನ್ನೊಬ್ಬ ಕೂಗಿದ. ಆಮೇಲೆ ಮತ್ತೊಬ್ಬ. ಕೋಳಿ ಕೈ ಬಿಟ್ಟುಹೋದಾಗ ಆಕೆ ಖಾಲಿ ಬುಟ್ಟಿಯನ್ನು ಕಂಕುಳಲ್ಲಿ ಅವುಚಿಕೊಂಡು, ತಲೆಯೆತ್ತಿ, ಎಲ್ಲರ ನಡುವೆ ನಡೆದು ಹೋಗಿ ತನ್ನ ಜಾಗದಲ್ಲಿ ಕುಳಿತಳು.