ಗಿರಣಿ ಅವ್ವನ ನಲವತ್ತು ಲಾರಿ

ಹೊಸಪೇಟೆಯ ನಮ್ಮ ಎದುರು ಮನೆಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದವರನ್ನು ಓಣಿಯೆಲ್ಲ ಗಿರಣಿ ಅವ್ವ ಎನ್ನುತ್ತಿತ್ತು. ಎಲುಬು ಸವೆದಿದೆಯೆಂದು ಡಾಕ್ಟರು ಅವರಿಗೆ ವಾರಕ್ಕೊಂದು ಗುಳಿಗೆ ಕೊಟ್ಟಿದ್ದರು. ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅದನ್ನು ನುಂಗಿದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಚಹಾ ಕುಡಿಯುವಂತಿಲ್ಲ. ಒಮ್ಮೆ ಗಡಿಯಾರ ಮುಂದೆ ಓಡಿದ್ದು ತಿಳಿಯದೆ ಬೇಗ ಅಡ್ಡಾಗಿ, ದಿನವಿಡೀ ಎದೆಯುರಿಯಿಂದ ಒದ್ದಾಡಿದ್ದರು.

ಅಂದಿನಿಂದ ಗಡಿಯಾರದ ಜೊತೆ ಮಾತು ಬಿಟ್ಟರು. ಬಾಗಿಲಲ್ಲಿ ನೆಟ್ಟಗೆ ನಿಂತು, ಸಂಡೂರು ಕಡೆಯಿಂದ ಬರುವ ಅದಿರು ಲಾರಿ ಎಣಿಸುತ್ತಿದ್ದರು. ನಲವತ್ತು ದಾಟಿದರೆ ಅರ್ಧ ಗಂಟೆ. ಯಾರು ಮಾತಾಡಿಸಿದರೂ, "ತಡೀರಿ, ಎಣಿಕಿ ತಪ್ಪತೈತಿ" ಎನ್ನುತ್ತಿದ್ದರು.

ಒಂದು ಸೋಮವಾರ ಮುಂದೆಲ್ಲೋ ಲಾರಿ ಕೆಟ್ಟು, ಇಪ್ಪತ್ತಮೂರು ದಾಟುವಷ್ಟರಲ್ಲಿ ಸಾಲು ನಿಂತುಬಿಟ್ಟಿತು. ಅವ್ವನೂ ನಿಂತೇ ಇದ್ದರು.

"ಅವ್ವಾ, ಎರಡು ತಾಸಾತು, ಚಾ ಕುಡೀರಿ" ಎಂದೆ.

"ತಡೀರಿ. ಇನ್ನಾ ಹದಿನೇಳು ಬರಬೇಕು."

ಕೊನೆಗೆ ಸೆರಗು ಸಿಕ್ಕಿಸಿಕೊಂಡು ರಸ್ತೆಗಿಳಿದರು. ನಿಂತ ಲಾರಿಗಳನ್ನು ಒಂದೊಂದಾಗಿ ತಟ್ಟಿ ಎಣಿಸುತ್ತಾ ಸಂಡೂರಿನ ಕಡೆ ನಡೆದರು. ಹದಿನೇಳನೆಯ ಲಾರಿಯ ನೆರಳಲ್ಲಿ ಡ್ರೈವರ್ ಸ್ಟೋವ್ ಹಚ್ಚಿ ಚಹಾ ಕಾಸುತ್ತಿದ್ದ. ಅದಿರಿನ ಧೂಳಿಗೆ ಕೆಂಪಾಗಿದ್ದ ಕೈಯನ್ನು ಅವ್ವ ಅವನ ಮುಂದೆ ಚಾಚಿದರು.

"ಈಗ ಅರ್ಧ ತಾಸಾತು ನೋಡಪಾ. ಹಾಕು."