ಗರಗದ ಎರಡು ರುಮಾಲು

ಕೇಶ್ವಾಪುರದ ಕಾಸಿಮಸಾಬ ಆರು ವರ್ಷ ಹುಬ್ಬಳ್ಳಿಯ ಥೇಟರಿನಲ್ಲಿ ಮಾತಾಡಿಯೇ ಹೊಟ್ಟೆ ಹೊರೆದಿದ್ದ. ಆಗ ಚಿತ್ರಗಳಿಗೆ ಮಾತಿರಲಿಲ್ಲ. ಪರದೆಯ ಪಕ್ಕ ಒಂದು ಸ್ಟೂಲಿನ ಮೇಲೆ ಕುಳಿತು, ತಗಡಿನ ಭೋಂಗಾ ಬಾಯಿಗಿಟ್ಟುಕೊಂಡು, ರಾಜನಿಗೂ ಕಳ್ಳನಿಗೂ ರಾಣಿಗೂ ಅವನೇ ದನಿ ಕೊಡುತ್ತಿದ್ದ. ಅವನ ರಾಣಿ ಅತ್ತರೆ ಮೇಲಿನ ಗ್ಯಾಲರಿಯ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಮಾತಾಡುವ ಚಿತ್ರಗಳು ಬಂದ ವರ್ಷ ಥೇಟರಿನ ಮಾಲೀಕ ಗೋವಿಂದಪ್ಪ ಆ ಸ್ಟೂಲನ್ನು ಟಿಕೀಟು ಹರಿಯುವವನಿಗೆ ಕೊಟ್ಟ. ಕಾಸಿಮಸಾಬ ಗ್ಯಾಸಬತ್ತಿ ಬಾಡಿಗೆಗೆ ಕೊಡುವ ಅಂಗಡಿ ಇಟ್ಟ. ಮದುವೆ, ಭಜನೆ, ಸಭೆ ಎಲ್ಲಿದ್ದರೂ ಅವನ ಬತ್ತಿಗಳು ಹೋಗುತ್ತಿದ್ದವು, ಅವುಗಳ ಹಿಂದೆ ಅವನೂ. ದುಡಿಮೆಗೇನೂ ಕೊರತೆ ಇರಲಿಲ್ಲ. ಆದರೆ ಬತ್ತಿಗೆ ಗಾಳಿ ಹೊಡೆಯುತ್ತ ರಾಣಿಯ ದನಿಯಲ್ಲಿ ಮಾತಾಡುವ ಚಟ ಮಾತ್ರ ಹೋಗಲಿಲ್ಲ.

"ಬತ್ತಿ ಕೂಡನೂ ಮಾತಾಡಾಕತ್ತೀರೇನ್ರಿ?" ಎಂದು ಹೆಂಡತಿ ಗುಲ್ಜಾರಬಿ ನಗುತ್ತಿದ್ದಳು.

"ಈ ಮನ್ಯಾಗ ನನ್ನ ಮಾತು ಪೂರ್ತಿ ಕೇಳೂದು ಅದೊಂದ ನೋಡು."

ಆ ಚಳಿಗಾಲದಲ್ಲಿ ಲೋಕಲ್ ಬೋರ್ಡಿನ ಚುನಾವಣೆ ಬಂತು. ಹತ್ತಿ ವ್ಯಾಪಾರಿ ಶಾಂತಯ್ಯನವರು ಓಣಿಗೊಂದು ಬಾವಿ ತೋಡಿಸಬೇಕೆನ್ನುವವರು. ಯಜ್ಞೇಶ್ವರ ವಕೀಲರು ಕೆರೆಯಿಂದ ನಳ ತರಬೇಕೆನ್ನುವವರು. ಇಬ್ಬರೂ ಮೂರು ಊರುಗಳಲ್ಲಿ ಒಂದೇ ವೇದಿಕೆ ಹತ್ತಿ ಎದುರುಬದುರು ವಾದಿಸಿದರು. ಪುಣೆಯಿಂದ ಬಂದ ಒಬ್ಬ ಕ್ಯಾಮೆರಾದವನು ಬಿಸಿಲಿರುವಷ್ಟು ಹೊತ್ತು ಅದನ್ನೆಲ್ಲ ಫಿಲ್ಮಿಗೆ ಹಿಡಿದ. ಕತ್ತಲಾದ ಮೇಲೆ ಸಭೆಗೆ ಕಾಸಿಮಸಾಬನ ಬತ್ತಿ; ಅವನ್ನು ಸಜ್ಜು ಮಾಡಲು ಅವನು ಹಗಲೇ ಹೋಗಿರುತ್ತಿದ್ದ. ಹಾಗಾಗಿ ಮೂರೂ ವಾದಗಳನ್ನು ಮೊದಲಿನಿಂದ ಕೊನೆಯತನಕ ಕೇಳಿದವನು ಅವನೊಬ್ಬನೇ. ಕೇಳಿದ್ದು ಅವನ ತಲೆಯಿಂದ ಅಳಿಸಿಹೋಗುತ್ತಿರಲಿಲ್ಲ.

ಪುಣೆಯವನ ಕ್ಯಾಮೆರಾ ದನಿ ಹಿಡಿಯುತ್ತಿರಲಿಲ್ಲ. ವಾದದ ಚಿತ್ರ, ಆದರೆ ವಾದವೇ ಕೇಳದು. ಅದನ್ನು ತನ್ನ ಥೇಟರಿನಲ್ಲಿ ತೋರಿಸಲು ಹೊರಟಿದ್ದ ಗೋವಿಂದಪ್ಪ ಕಾಸಿಮಸಾಬನ ಅಂಗಡಿಗೇ ಬಂದ.

"ಸಾಬ, ನಿನ್ನ ಭೋಂಗಾ ಇನ್ನೂ ಐತೇನು?"

"ಐತ್ರಿ. ಬತ್ತಿಗೆ ಎಣ್ಣಿ ಹಾಕಾಕ ಇಟ್ಟೀನಿ."

"ತೊಳಕೊಂಡು ಬಾ. ಐತವಾರ ಮೂರರ ಆಟ. ಎರಡೂ ಕಡ್ಯಾವ್ರು ಬರ್ತಾರ. ಯಾರರೇ ಸಿಟ್ಟಾಗಿ ಎದ್ದು ಹೋದರ ನಿನಗ ಇದ ಕಡೀ ಆಟ. ಎಲ್ಲಾರೂ ಮುಗಿಯೂತನಕ ಕುಂತರ, ಚಿತ್ರ ಎಲ್ಲೆಲ್ಲಿ ಹೋಗತೈತೋ ಅಲ್ಲೆಲ್ಲಾ ನೀನೂ ಹೋಗಾಂವ."

ಕಾಸಿಮಸಾಬ ಭೋಂಗಾಕ್ಕೆ ಮೂರು ಸಲ ಹುಣಸೆಹಣ್ಣು ಹಚ್ಚಿ ತಿಕ್ಕಿದ. ಆದರೂ ಅದು ಸೀಮೆಎಣ್ಣೆ ನಾರುತ್ತಿತ್ತು.

ಫಿಲ್ಮು ಐತವಾರ ಬೆಳಗಿನ ರೈಲಿಗೆ ಬಂತು. ಮೊದಲೊಮ್ಮೆ ಓಡಿಸಿ ನೋಡಲು ವ್ಯಾಳ್ಯಾ ಇರಲಿಲ್ಲ. ಕಾಸಿಮಸಾಬ ಅದಕ್ಕೆ ಹೆದರಲೂ ಇಲ್ಲ. ಶಾಂತಯ್ಯನವರಿಗೆ ಹಳದಿ ರುಮಾಲು, ವಕೀಲರಿಗೆ ಕರಿ ಟೊಪ್ಪಿಗೆ. ತಲೆ ನೋಡಿ ದನಿ ಹಾಕಿದರಾಯಿತು.

ಎಡಕ್ಕೆ ಬಾವಿಯವರು, ಬಲಕ್ಕೆ ನಳದವರು ಕುಳಿತರು. ಅಭ್ಯರ್ಥಿಗಳಿಬ್ಬರೂ ಮುಂದಿನ ಸಾಲಿನಲ್ಲಿ, ನಡುವೆ ಒಂದು ಖಾಲಿ ಕುರ್ಚಿ. ಬೈರಿದೇವರಕೊಪ್ಪದ ಭಾಗ ಬೆಣ್ಣೆಯಂತೆ ಸಾಗಿತು. ಶಾಂತಯ್ಯನವರ ಗಂಟಲು ಸರಿಪಡಿಸುವ ಕೆಮ್ಮನ್ನೂ ಕಾಸಿಮಸಾಬ ಬಿಡಲಿಲ್ಲ. ಅವರೇ ನಕ್ಕರು.

ಆಮೇಲೆ ಗರಗ. ಬಂದ ಅತಿಥಿಗೆ ತಮ್ಮೂರಲ್ಲಿ ನೇಯ್ದ ಖಾದಿಯ ರುಮಾಲು ಸುತ್ತುವುದು ಅಲ್ಲಿಯ ಹಿರಿಯರ ಪದ್ಧತಿ. ಒಬ್ಬರಿಗೆ ಸುತ್ತಿ ಇನ್ನೊಬ್ಬರಿಗೆ ಬಿಡುವಂತಿಲ್ಲ. ಒಂದೇ ಥಾನಿನಿಂದ ಹರಿದು ಇಬ್ಬರಿಗೂ ಸುತ್ತಿದ್ದರು. ಆಗ ಕಾಸಿಮಸಾಬ ವೇದಿಕೆಯ ಹಿಂದೆ ಬತ್ತಿಗಳಿಗೆ ಎಣ್ಣೆ ತುಂಬುತ್ತಿದ್ದ. ಮಾತು ಕೇಳಿದ್ದ, ತಲೆ ನೋಡಿರಲಿಲ್ಲ. ಈಗ ಪರದೆಯ ಮೇಲೆ ಎರಡು ಬಿಳಿ ರುಮಾಲು, ಎರಡು ದಪ್ಪ ಮೀಸೆ, ಅದೂ ದೂರದಲ್ಲಿ. ಪುಣೆಯವನು ನಡುನಡುವೆ ಬಿಟ್ಟು ಹಿಡಿದಿದ್ದರಿಂದ ಯಾರ ಸರದಿ ಎಂಬುದೂ ತಿಳಿಯದು. ಒಂದು ರುಮಾಲು ಎದ್ದು ನಿಂತಿತು. ಇವರೇ ಶಾಂತಯ್ಯನವರು ಎಂದುಕೊಂಡು ಶುರು ಮಾಡಿಯೇಬಿಟ್ಟ.

"ನಳ ಕೆಟ್ಟರ ಪುಣೆದಿಂದ ಮಿಸ್ತ್ರಿ ಬರಬೇಕು. ಬಾವಿಗೇನು, ಹಗ್ಗ ಬದಲಿ ಮಾಡಿದರ ಆತು!"

ಎಡಗಡೆಯವರು ಮಾತಿಗೆ ಚಪ್ಪಾಳೆ ಹೊಡೆದರು. ಬಲಗಡೆಯವರು ಪರದೆಯ ಮೇಲೆ ಎದ್ದು ನಿಂತ ತಮ್ಮ ವಕೀಲರು ಕೈ ಎತ್ತಿದ್ದಕ್ಕೆ ಹೊಡೆದರು. ಇಡೀ ಥೇಟರು ಒಂದಾಗಿದ್ದು ಅದೇ ಮೊದಲು. ಹುರುಪಿಗೆ ಬಿದ್ದ ಕಾಸಿಮಸಾಬ, ಎರಡನೆಯ ರುಮಾಲು ಎದ್ದೊಡನೆ ವಕೀಲರ ಮೊನಚು ದನಿ ತೆಗೆದ.

"ಹಗ್ಗ ಜಗ್ಗೋರು ನೀವಲ್ಲ, ಶಾಂತಯ್ಯನವರ! ನಿಮ್ಮ ಮನಿ ಹೆಣ್ಣಮಕ್ಕಳು!"

ಪರದೆಯ ಮೇಲೆ ಶಾಂತಯ್ಯನವರು ಶಾಂತಯ್ಯನವರನ್ನೇ ಬೈಯುತ್ತಿದ್ದರು.

ಬಾವಿಯ ಪಕ್ಷದ ಮಡಿವಾಳಪ್ಪ ಎದ್ದು ನಿಂತ. "ಏ ಸಾಬ, ವಕೀಲರ ಕಡ್ಯಾವ ಆದ್ಯೇನು? ಏಳ್ರೋ, ಹೋಗೂಣು!" ಹತ್ತಾರು ಕುರ್ಚಿಗಳು ಕಿರ್ರೆಂದವು. ಬಾಗಿಲಲ್ಲಿ ನಿಂತ ಗೋವಿಂದಪ್ಪ ಕಾಸಿಮಸಾಬನನ್ನೇ ನೋಡುತ್ತಿದ್ದ.

ತಪ್ಪನ್ನು ಫಿಲ್ಮಿನ ಮೇಲೆ ಹಾಕಬಹುದಿತ್ತು, ಪುಣೆಯವನ ಮೇಲೆ ಹಾಕಬಹುದಿತ್ತು. ಕಾಸಿಮಸಾಬ ಭೋಂಗಾ ಕೆಳಗಿಟ್ಟ.

"ತಪ್ಪು ನಂದರಿ. ರುಮಾಲು ನೋಡಿ ಮೋಸ ಹೋದ್ನಿ. ಮಾತು ಒಂದೂ ಸುಳ್ಳಲ್ಲ, ಬಾಯಿ ಅದಲಿ ಬದಲಿ ಆಗ್ಯಾವು."

ವಕೀಲರು ಹೊಟ್ಟೆ ಹಿಡಿದು ನಗುತ್ತಿದ್ದರು. "ಬರ್ರಿ ಶಾಂತಯ್ಯನವರ, ನಮ್ಮ ಮಾತು ನಾವ ಹೇಳೂಣು."

ರೀಲು ಹಿಂದಕ್ಕೆ ಸುತ್ತಿ ಮತ್ತೆ ಬಿಟ್ಟರು. ವಕೀಲರು "ಮಹಾಜನರೇ" ಎನ್ನುವಷ್ಟರಲ್ಲಿ ಪರದೆಯ ವಕೀಲರು ಮಾತು ಮುಗಿಸಿ ಕುಳಿತುಬಿಟ್ಟಿದ್ದರು. ಶಾಂತಯ್ಯನವರು ಎರಡು ಮಾತಾಡಿ ನಿಂತರು. "ಮುಂದೇನಂದೆ ನಾ?"

"ಮಿಸ್ತ್ರಿ," ಎಂದು ಕಾಸಿಮಸಾಬ ಮೆಲ್ಲಗೆ ಹೇಳಿಕೊಟ್ಟ. "ಆಮ್ಯಾಗ ಕೆಮ್ಮು."

ಗ್ಯಾಲರಿಯಿಂದ, ದಿನಕ್ಕೆ ಎಂಟು ಕೊಡ ನೀರು ಸೇದುವ ಕಾಳವ್ವ ಕೂಗಿದಳು: "ಸಾಬಣ್ಣಗ ಕೊಡ್ರೀ ಆ ಭೋಂಗಾ! ನೀರಿನ ಮಾತು ತಿಳಿಲಿ ನಮಗ!"

ಮಡಿವಾಳಪ್ಪನೂ ನಕ್ಕು ಕುಳಿತ. ಶಾಂತಯ್ಯನವರು ಭೋಂಗಾ ಒಮ್ಮೆ ಮೂಸಿ ನೋಡಿ ಕಾಸಿಮಸಾಬನ ಕೈಗಿತ್ತರು. "ತಗೋಪಾ. ನನ್ನ ಮಾತು ನನಗಿಂತಾ ನಿನ್ನ ಕಡೆ ಜೋಪಾನ ಅದಾವ."

"ಒಂದು ಉಪಕಾರ ಮಾಡ್ರಿ," ಎಂದ ಕಾಸಿಮಸಾಬ. "ನಿಮ್ಮ ನಿಮ್ಮ ಚಿತ್ರ ಎದ್ದು ನಿಂತಾಗ ಕೈ ಎತ್ರಿ."

ಗೋವಿಂದಪ್ಪ ಬಾಗಿಲು ಮುಚ್ಚಿ, ಟಿಕೀಟು ಹರಿಯುವವನನ್ನು ಎಬ್ಬಿಸಿ, ಸ್ಟೂಲನ್ನು ತಾನೇ ಎತ್ತಿ ತಂದು ಪರದೆಯ ಪಕ್ಕದಲ್ಲಿಟ್ಟ. "ನಾಳೆ ಧಾರವಾಡ. ಬತ್ತಿ ಅಂಗಡಿ ಬೀಗಾ ಹಾಕು."

ಗರಗ ಮೂರನೆಯ ಸಲ ಶುರುವಾಯಿತು. ಈಗಾಗಲೇ ಗೊತ್ತಾಗಿದ್ದ ಮೊದಲ ಎರಡು ಸರದಿ ಸರಿಯಾಗಿ ದಾಟಿದವು. ಕಾಸಿಮಸಾಬ ಉಸಿರು ಎಳೆದುಕೊಂಡು ಮುಂದಿನ ಸಾಲಿನತ್ತ ನೋಡಿದ. ಪರದೆಯ ಮೇಲೆ ಮತ್ತೊಮ್ಮೆ ಒಂದು ಬಿಳಿ ರುಮಾಲು ಎದ್ದು ನಿಂತಿತು. ಮುಂದಿನ ಸಾಲಿನಲ್ಲಿ ಶಾಂತಯ್ಯನವರ ಕೈಯೂ ವಕೀಲರ ಕೈಯೂ ಒಟ್ಟಿಗೆ ಎದ್ದವು.