ಏಡಿ ತೂತು

ನಾಲೆಯ ಕೊನೆಯಲ್ಲಿದ್ದ ನಮ್ಮ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ನೀರುಗಂಟಿ ಅವನು. ಏರಿಯ ಮೇಲೆ ಒಬ್ಬನೇ ನಡೆಯುತ್ತ, ಏಡಿ ಕೊರೆದ ತೂತು ಕಂಡಲ್ಲೆಲ್ಲ ಕೆಸರು ತುಂಬಿ ಹಿಮ್ಮಡಿಯಿಂದ ತುಳಿಯುತ್ತಿದ್ದ. ನೀರು ಯಾವಾಗ ಎಂದು ಯಾರು ಕೇಳಿದರೂ ಒಂದೇ ಮಾತು: “ತಡೀಲಾ, ಬತ್ತದೆ.”

ಇನ್ನೂ ನಲವತ್ತೈದು ದಾಟಿರಲಿಲ್ಲ. ಒಂದು ಬೆಳಿಗ್ಗೆ ತೂಬಿನ ಹತ್ತಿರ ಬಿದ್ದಿದ್ದ. ಬಲಗೈ ಏಳಲಿಲ್ಲ, ಮಾತು ಹೊರಡಲಿಲ್ಲ. ಬೇರೆ ಊರಲ್ಲಿದ್ದ ಅವನ ಮನೆಯವರ ಫೋನ್ ನಂಬರು ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಂಡ್ಯದ ಆಸ್ಪತ್ರೆಗೆ ನಾನೇ ಕರೆದೊಯ್ದೆ.

ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಿದ್ದ ತೂತೊಂದು ಹೃದಯದ ಒಳಗೋಡೆಯಲ್ಲಿ ಹಾಗೆಯೇ ಉಳಿದಿದೆ, ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಅದರಲ್ಲಿ ನುಸುಳಿ ಮಿದುಳಿಗೆ ಹೋಗಿರಬೇಕು ಎಂದರು ಡಾಕ್ಟರಮ್ಮ. ಅದನ್ನು ಅವನಿಗೆ ಹೇಗೆ ಹೇಳುವುದು?

“ಎದೇಲಿ ಏಡಿ ತೂತು ಕಣಣ್ಣ,” ಎಂದೆ.

ಅವನು ನನ್ನನ್ನೇ ನೋಡಿದ. ಹೊದಿಕೆಯಡಿ ಎಡಗಾಲಿನ ಹಿಮ್ಮಡಿ ಹಾಸಿಗೆಯನ್ನು ಎರಡು ಸಲ ತುಳಿಯಿತು.

ನಾಲ್ಕನೆಯ ದಿನ ನರ್ಸಮ್ಮ ಕೇಳಿದರು, “ನಿಮ್ಮ ಕಡೆಯೋರು ಯಾರೂ ಬರಲ್ವಾ?”

ಅವನು ಬಾಗಿಲ ಕಡೆ ನೋಡಿದ. ತುಟಿ ಬಹಳ ಹೊತ್ತು ಅಲುಗಾಡಿ, ಅಷ್ಟು ದಿನದಲ್ಲಿ ಮೊದಲ ಬಾರಿಗೆ ಮಾತು ಹೊರಟಿತು.

“ತಡೀಲಾ, ಬತ್ತದೆ.”

ನಾನೂ ಬಾಗಿಲ ಕಡೆ ತಿರುಗಿ ನೋಡಿದೆ.